ಬಿಪಿ–ಶುಗರ್ ಕ್ಲಿನಿಕ್ಕಿನಲ್ಲಿ ಖಿನ್ನತೆಯನ್ನು ಹುಡುಕುವುದು: ನನ್ನ ಅನುಭವ

ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಅಸಾಂಕ್ರಾಮಿಕ ರೋಗಗಳ ವಿಭಾಗವನ್ನು ನಾನು ನೋಡಿಕೊಳ್ಳುತ್ತೇನೆ. ಜನರ ಬಾಯಲ್ಲಿ ಅದು ‘ಬಿಪಿ ಶುಗರ್ ರೂಮು’. ಸಕ್ಕರೆ ಕಾಯಿಲೆ, ಏರಿದ ರಕ್ತದೊತ್ತಡ, ಬೊಜ್ಜು ಇರುವವರು, ಒಮ್ಮೆ ಹೃದಯಾಘಾತವೋ ಲಕ್ವವೋ ಆಗಿ ಉಳಿದುಕೊಂಡವರು, ಬೀಡಿಯನ್ನೋ ಕುಡಿತವನ್ನೋ ಬಿಡಲು ಹೆಣಗುತ್ತಿರುವವರು ತಿಂಗಳಿಗೊಮ್ಮೆ ಮಾತ್ರೆಗಾಗಿ ಇಲ್ಲಿಗೆ ಬರುತ್ತಾರೆ. ಇವರಲ್ಲಿ ಖಿನ್ನತೆಯನ್ನು ಗುರುತಿಸುವ ಕೆಲಸವನ್ನು ದಿನನಿತ್ಯದ ತಪಾಸಣೆಯೊಳಗೇ ಸೇರಿಸಿಕೊಂಡ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಸಕ್ಕರೆಯ ಅಂಕಿ ಎಷ್ಟು ಎಂಬುದಕ್ಕಿಂತ, ಕಾಯಿಲೆ ಬಂದ ಮೇಲೆ ಆ ವ್ಯಕ್ತಿಯ ದುಡಿಮೆ, ನಿದ್ದೆ, ಮನೆಯಲ್ಲಿನ ಸ್ಥಾನ ಇವುಗಳಲ್ಲಿ ಏನೇನು ಕೈಬಿಟ್ಟುಹೋಯಿತು ಎಂಬುದೇ ಖಿನ್ನತೆಯ ಸುಳಿವನ್ನು ಹೆಚ್ಚು ನಿಚ್ಚಳವಾಗಿ ಕೊಡುತ್ತದೆ ಎಂಬುದು ಈ ಕೆಲಸದಲ್ಲಿ ನಾನು ತಲುಪಿರುವ ಅಭಿಪ್ರಾಯ.

ಖಿನ್ನತೆ ಇದೆ ಎಂದು ಹೇಳಿಕೊಂಡು ನಮ್ಮ ಕೋಣೆಗೆ ಯಾರೂ ಬರುವುದಿಲ್ಲ. ಸುಸ್ತು, ಮೈಕೈ ನೋವು, ತಲೆಭಾರ, ಎದೆ ಡವಡವ, ನಿದ್ದೆಯಿಲ್ಲ ಎನ್ನುತ್ತಾರೆ. ಇವೆಲ್ಲಕ್ಕೂ ಶುಗರ್ ಅಥವಾ ಬಿಪಿಯೇ ಕಾರಣವೆಂದು ಅವರೂ ನಂಬಿರುತ್ತಾರೆ, ಸಾಲು ಉದ್ದವಿರುವ ದಿನ ವೈದ್ಯರೂ ಒಪ್ಪಿಕೊಳ್ಳುತ್ತಾರೆ. ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಸುಮಾರು 20 ಮಂದಿಗೆ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾದವರು, ಮತ್ತು ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ದೊರೆತಿರುವುದಿಲ್ಲ. ಸಕ್ಕರೆ ಕಾಯಿಲೆ ಇರುವವರಲ್ಲಿ ಖಿನ್ನತೆಯ ಪ್ರಮಾಣ ಇಲ್ಲದವರಿಗಿಂತ ಹೆಚ್ಚುಕಡಿಮೆ ಇಮ್ಮಡಿ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ. ಹೃದಯಾಘಾತವಾದವರಲ್ಲಿ ಐವರಿಗೊಬ್ಬರಂತೆ ಅದು ಕಾಣಿಸಿಕೊಳ್ಳುತ್ತದೆ. ಅಂದಮೇಲೆ ಖಿನ್ನತೆಯನ್ನು ಹುಡುಕುವುದಕ್ಕೆ ನಮ್ಮ ಸಾಲಿಗಿಂತ ತಕ್ಕ ಜಾಗ ಇನ್ನೊಂದಿಲ್ಲ.

ಮೊದಲು ಮಾಡಿದ್ದು ಬಹಳ ಸಣ್ಣ ಬದಲಾವಣೆ. ಕಳೆದ ಎರಡು ವಾರಗಳಲ್ಲಿ ಯಾವುದೇ ಕೆಲಸದಲ್ಲಿ ಆಸಕ್ತಿ ಅಥವಾ ಖುಷಿ ಇಲ್ಲದಂತಾಗಿದೆಯೇ, ಮನಸ್ಸು ಕುಗ್ಗಿದಂತೆ ಅಥವಾ ಇನ್ನು ಏನೂ ಸರಿಹೋಗದು ಎಂಬಂತೆ ಅನ್ನಿಸಿದೆಯೇ ಎಂಬ ಎರಡು ಪ್ರಶ್ನೆಗಳನ್ನು ಬಿಪಿ ನೋಡುವ ಮೇಜಿನಲ್ಲೇ ಶುಶ್ರೂಷಕಿಯರು ಕೇಳತೊಡಗಿದರು. ಇದು ಹೊಸದೇನಲ್ಲ, ಹಳ್ಳಿಗಳಲ್ಲಿ 30 ವರ್ಷ ದಾಟಿದವರಿಗಾಗಿ ಆಶಾ ಕಾರ್ಯಕರ್ತೆಯರು ತುಂಬುವ ನಮೂನೆಯಲ್ಲಿಯೂ ಇದೇ ಎರಡು ಪ್ರಶ್ನೆಗಳಿವೆ. ಪ್ರತಿ ಉತ್ತರಕ್ಕೆ 0ಯಿಂದ 3ರವರೆಗೆ ಅಂಕ. ಎರಡೂ ಸೇರಿ 3 ಅಥವಾ ಅದಕ್ಕಿಂತ ಹೆಚ್ಚಾದರೆ ಖಿನ್ನತೆಯ ಮಟ್ಟವನ್ನು ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಪಟ್ಟಿಗೆ ಹೋಗುತ್ತೇವೆ. ಕೇಳುವ ಹೊತ್ತನ್ನು ಮಾತ್ರ ಯೋಚಿಸಿ ಇಟ್ಟುಕೊಂಡಿದ್ದೇವೆ. ರಕ್ತದೊತ್ತಡ ಅಳೆಯುವ ಮುನ್ನ ಐದು ನಿಮಿಷ ಸುಮ್ಮನೆ ಕೂರಿಸಬೇಕು. ಆಗ ಮಾತನಾಡಿಸಿದರೆ, ಅದರಲ್ಲೂ ಮನಸ್ಸಿನ ಮಾತು ತೆಗೆದರೆ, ಅಂಕಿ ಏರುತ್ತದೆ. ಆದ್ದರಿಂದ ತೋಳಿನ ಪಟ್ಟಿ ಬಿಚ್ಚಿದ ಮೇಲೆಯೇ ಪ್ರಶ್ನೆ.

ಜೊತೆಗೆ ಬಂದವರ ವಿಷಯ ಇದಕ್ಕಿಂತ ತೊಡಕಿನದು. ಹೆಂಗಸರ ಪರವಾಗಿ ಗಂಡನೋ ಅತ್ತೆಯೋ, ವಯಸ್ಸಾದವರ ಪರವಾಗಿ ಮಗನೋ ಸೊಸೆಯೋ ಉತ್ತರ ಕೊಟ್ಟುಬಿಡುತ್ತಾರೆ. ‘ಅವ್ರಿಗೇನು ಮೇಡಂ, ಮೂರೊತ್ತು ಊಟ ಮಾಡ್ಕೊಂಡು ಆರಾಮಾಗವ್ರೆ’ ಎಂಬ ಮಾತನ್ನು ನಾನು ಅದೆಷ್ಟು ಸಲ ಕೇಳಿದ್ದೇನೋ. ಅವರನ್ನು ಹೊರಗೆ ಹೋಗಿ ಎಂದರೆ ಮನೆಗೆ ಹೋದ ಮೇಲೆ ಪಾಪ ರೋಗಿಯೇ ಲೆಕ್ಕ ಕೊಡಬೇಕಾಗುತ್ತದೆ. ಹಾಗಾಗಿ ಚೀಟಿ ಕೊಟ್ಟು ಔಷಧಿ ಸಾಲಿಗೆ ಕಳುಹಿಸುತ್ತೇವೆ. ಸಾಲು ಹೇಗೂ ಉದ್ದವೇ ಇರುತ್ತದೆ.

ಪಿಎಚ್‌ಕ್ಯೂ-9 ಪಟ್ಟಿಯಲ್ಲಿ ಗರಿಷ್ಠ ಅಂಕ 27, ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಹೆಚ್ಚಾದರೆ ಕನಿಷ್ಠ ಮಧ್ಯಮ ಮಟ್ಟದ ಖಿನ್ನತೆ ಎಂದು ಪರಿಗಣಿಸುತ್ತಾರೆ. ಆದರೆ ದೀರ್ಘಕಾಲದ ಕಾಯಿಲೆ ಇರುವವರಲ್ಲಿ ಬರೀ ಮೊತ್ತವನ್ನು ನೋಡಿ ತೀರ್ಮಾನಿಸುವುದನ್ನು ನಾನು ಒಪ್ಪುವುದಿಲ್ಲ. ನಿದ್ದೆ, ಸುಸ್ತು, ಹಸಿವು ಎಂಬ ಮೂರು ಪ್ರಶ್ನೆಗಳಿಗೆ ಸಕ್ಕರೆ ಕಾಯಿಲೆಯೊಂದೇ ಸಾಕಷ್ಟು ಅಂಕ ತಂದುಕೊಡಬಲ್ಲದು: ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುವವರಿಗೆ ನಿದ್ದೆ ಎಲ್ಲಿಂದ ಬರಬೇಕು? ಅದಕ್ಕಾಗಿ ಮೊದಲ ಎರಡು ಪ್ರಶ್ನೆಗಳ ಜೊತೆಗೆ ‘ನಾನು ಯಾತಕ್ಕೂ ಬಾರದವನು, ಮನೆಯವರಿಗೆ ಭಾರ’ ಎಂಬ ಭಾವವನ್ನು ಕೇಳುವ ಆರನೆಯ ಪ್ರಶ್ನೆಗೆ ಹೆಚ್ಚಿನ ತೂಕ ಕೊಡುತ್ತೇನೆ. ಸಕ್ಕರೆ ಏರಿದರೆ ಸುಸ್ತಾಗುತ್ತದೆ, ನಿಜ. ಆದರೆ ಮೊಮ್ಮಗು ಬಂದಾಗಲೂ ಮುಖ ಅರಳದಿರುವುದಕ್ಕೆ, ಎಮ್ಮೆ ಕರು ಹಾಕಿದರೂ ಕೊಟ್ಟಿಗೆಯತ್ತ ಹೋಗಬೇಕೆನ್ನಿಸದಿರುವುದಕ್ಕೆ ಸಕ್ಕರೆ ಕಾರಣವಲ್ಲ.

ಇಷ್ಟಾದ ಮೇಲೆ, ಮನಸ್ಸಿನ ಮಾತ್ರೆಗೆ ಕೈ ಹಾಕುವ ಮುನ್ನ, ದೇಹದ ಲೆಕ್ಕವನ್ನು ಒಮ್ಮೆ ಸರಿಯಾಗಿ ನೋಡಲೇಬೇಕು. ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸುತ್ತೇನೆ. ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಜೀವಸತ್ವ ಕಡಿಮೆಯಾಗಿ ಪಾದ ಜೋಮು ಹಿಡಿಯುವುದೂ ಮನಸ್ಸು ಮಂಕಾಗುವುದೂ ಒಟ್ಟಿಗೆ ಬರಬಹುದು. ದಪ್ಪಗಿದ್ದು, ಜೋರಾಗಿ ಗೊರಕೆ ಹೊಡೆದು, ಹಗಲೆಲ್ಲ ತೂಕಡಿಸುವವರಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದೆಯೇ ಎಂದು ಮಗ್ಗುಲಲ್ಲಿ ಮಲಗುವವರನ್ನು ಕೇಳಬೇಕು. ಕೀಲುನೋವಿಗೆಂದು ಎಲ್ಲೋ ಕೊಂಡ ಹೆಸರಿಲ್ಲದ ಪುಡಿಯಲ್ಲಿ ಸ್ಟೀರಾಯ್ಡ್ ಇರುವುದುಂಟು. ಅದು ಸಕ್ಕರೆಯನ್ನೂ ಮನಸ್ಥಿತಿಯನ್ನೂ ಒಟ್ಟಿಗೆ ಕೆಡಿಸುತ್ತದೆ.

ಇವೆಲ್ಲ ಪರೀಕ್ಷೆಗೆ ಸಿಗುವ ಕಾರಣಗಳು. ಹೆಚ್ಚು ಹೊತ್ತು ಹಿಡಿಯುವುದು ಮತ್ತು ಹೆಚ್ಚು ಫಲ ಕೊಡುವುದು ಉಳಿದವನ್ನು ಕೇಳಿ ತಿಳಿಯುವುದು. ನಾನು ಮೊದಲು ಕೇಳುವುದು ದುಡಿಮೆಯ ಬಗ್ಗೆ. ಇನ್ಸುಲಿನ್ ಶುರುವಾದದ್ದರಿಂದ ಲಾರಿ ಓಡಿಸುವ ಕೆಲಸ ಬಿಟ್ಟವರು, ಕಾಲಿನ ಹುಣ್ಣು ವಾಸಿಯಾಗದೆ ಗಾರೆ ಕೆಲಸ ತಪ್ಪಿದವರು, ಲಕ್ವ ಹೊಡೆದ ಮೇಲೆ ತೋಟದ ಲೆಕ್ಕಾಚಾರವೆಲ್ಲ ತಮ್ಮನ ಕೈಗೆ ಹೋಗಿ ಜಗುಲಿಯಲ್ಲಿ ಕುಳಿತಿರುವವರು – ಇವರ ಬಿಪಿ, ಶುಗರ್ ಎರಡೂ ಹತೋಟಿಯಲ್ಲಿದ್ದರೂ ಖಿನ್ನತೆಯ ಅಂಕ ಮೇಲೆಯೇ ಇರುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಆಮೇಲೆ ಸಾಲ. ಬತ್ತಿದ ಕೊಳವೆ ಬಾವಿಗೆ ಮಾಡಿದ ಸಾಲದ ಮೇಲೆ ಸ್ಟೆಂಟ್ ಹಾಕಿಸಿದ ಸಾಲವೂ ಕೂಡಿಕೊಂಡಿದ್ದರೆ, ಎದೆನೋವು ಕಡಿಮೆಯಾಯಿತೇ ಎಂದಷ್ಟೇ ಕೇಳಿ ಕಳುಹಿಸುವುದು ಅರ್ಧ ವೈದ್ಯಕೀಯ. 2004ರಲ್ಲಿ ಪ್ರಕಟವಾದ, 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನ ಹೃದಯಾಘಾತದ ಒಂಬತ್ತು ಮುಖ್ಯ ಅಪಾಯಗಳಲ್ಲಿ ತಂಬಾಕು, ಕೊಬ್ಬು, ರಕ್ತದೊತ್ತಡಗಳ ಸಾಲಿನಲ್ಲೇ ಮನೋಸಾಮಾಜಿಕ ಒತ್ತಡವನ್ನೂ ಖಿನ್ನತೆಯನ್ನೂ ಸೇರಿಸಿತ್ತು. ನಮ್ಮ ನೋಂದಣಿ ಪುಸ್ತಕದಲ್ಲಿ ಬೇರೆಲ್ಲದಕ್ಕೂ ಕಾಲಂ ಇತ್ತು, ಇದಕ್ಕೆ ಇರಲಿಲ್ಲ. ಸ್ಕೇಲು ಹಿಡಿದು ನಾವೇ ಒಂದು ಗೆರೆ ಎಳೆದುಕೊಂಡೆವು.

ಹೆಂಗಸರಲ್ಲಿ ಚಿತ್ರ ಬೇರೆ. ಕಾಯಿಲೆ ಬಂದರೂ ಅವರ ಕೆಲಸ ತಪ್ಪುವುದಿಲ್ಲ, ಅದೇ ತೊಂದರೆ. ಹಾಸಿಗೆ ಹಿಡಿದ ಮಾವನನ್ನು ನೋಡಿಕೊಳ್ಳುತ್ತ, ತಮ್ಮ ಮಾತ್ರೆಯ ಹೊತ್ತನ್ನು ಮರೆಯುತ್ತ, ಎಲ್ಲರಿಗೂ ಮುದ್ದೆ ಬಡಿಸಿದ ಮೇಲೆ ಉಳಿದದ್ದನ್ನು ಉಳಿದ ಹೊತ್ತಿನಲ್ಲಿ ಉಣ್ಣುವವರಿಗೆ ‘ಹೊತ್ತಿಗೆ ಸರಿಯಾಗಿ ತಿನ್ನಿ, ದಿನಾ ಅರ್ಧ ಗಂಟೆ ನಡೆಯಿರಿ’ ಎಂಬ ನಮ್ಮ ಸಲಹೆ ಇನ್ನೊಂದು ಹೊರೆಯಾಗಿ ಕೂರುತ್ತದೆ. ಗಂಡನ ಕುಡಿತ, ಹೊಡೆತಗಳ ಬಗ್ಗೆ ನೇರವಾಗಿಯೇ ಕೇಳುತ್ತೇನೆ. ಕೇಳಿದರೆ ಬಹಳ ಮಂದಿ ಹೇಳುತ್ತಾರೆ. ಮಕ್ಕಳು ಬೆಂಗಳೂರು ಸೇರಿ ಊರಿನಲ್ಲಿ ಒಂಟಿಯಾಗಿ ಉಳಿದ ಮುದುಕಿಯರು ತಾವಾಗಿಯೇ ಹೇಳುತ್ತಾರೆ, ನಿಲ್ಲಿಸುವುದೇ ಕಷ್ಟ.

ಗಂಡಸರು ನನ್ನೆದುರು ಬಾಯಿ ಬಿಡದ ವಿಷಯವೊಂದಿದೆ. ಸಕ್ಕರೆ ಕಾಯಿಲೆಯಿಂದ ಲೈಂಗಿಕ ಶಕ್ತಿ ಕುಂದುವುದು ಸಾಮಾನ್ಯ. ಕೆಲವು ಬಿಪಿ ಮಾತ್ರೆಗಳಿಂದಲೂ ಅದು ಹೆಚ್ಚಾಗಬಹುದು. ಅದರಿಂದ ಹೆಂಡತಿಯ ಜೊತೆ ಮಾತು ಕಡಿಮೆಯಾಗಿ, ಅನುಮಾನ ಬೆಳೆದು, ಕುಡಿತ ಹೆಚ್ಚಾಗಿ, ಕೊನೆಗೆ ಅವರು ಗುಟ್ಟಾಗಿ ಬಿಪಿ ಮಾತ್ರೆಯನ್ನೇ ನಿಲ್ಲಿಸಿರುತ್ತಾರೆ. ಈ ಪ್ರಶ್ನೆಯನ್ನು ನಮ್ಮ ಗಂಡು ಆಪ್ತಸಮಾಲೋಚಕರಿಗೆ ಒಪ್ಪಿಸಿದೆ. ಅವರು ಬೀಡಿ ಬಿಡಿಸುವ ಮಾತಿನ ನೆಪದಲ್ಲಿ ಆಸ್ಪತ್ರೆಯ ಹಿಂದಿನ ಹೊಂಗೆ ಮರದ ಕೆಳಗೆ ಕರೆದೊಯ್ದು ಕೇಳುತ್ತಾರೆ. ಮಾತ್ರೆ ಬದಲಿಸಿದರೆ ಕೆಲವರಿಗೆ ಸರಿಹೋಗುತ್ತದೆ. ಸರಿಹೋಗದವರಿಗೂ ಇದು ಕಾಯಿಲೆಯ ಭಾಗ, ತನ್ನ ಗಂಡಸ್ತನದ ಕೊರತೆಯಲ್ಲ ಎಂದು ತಿಳಿದದ್ದೇ ಸ್ವಲ್ಪ ಹಗುರ ತರುತ್ತದೆ.

ಯಾವುದು ಮೊದಲು, ಯಾವುದು ಆಮೇಲೆ ಎಂಬ ಪ್ರಶ್ನೆಗೆ ಕ್ಲಿನಿಕ್ಕಿನಲ್ಲಿ ಖಚಿತ ಉತ್ತರ ಸಿಗುವುದು ಅಪರೂಪ. ಖಿನ್ನತೆ ಇದ್ದವರು ಮಾತ್ರೆ ತಪ್ಪಿಸುತ್ತಾರೆ, ಅಡ್ಡಾಡುವುದನ್ನು ಬಿಡುತ್ತಾರೆ, ಬೀಡಿ ಹೆಚ್ಚಿಸುತ್ತಾರೆ. ಅದರಿಂದ ಸಕ್ಕರೆ ಏರುತ್ತದೆ. ಏರಿದ ಸಕ್ಕರೆಗೆ ನಾವು ಗದರುತ್ತೇವೆ. ಗದರಿಸಿಕೊಂಡವರು ಮುಂದಿನ ತಿಂಗಳು ಬರುವುದಿಲ್ಲ. ಈ ಗಾಣವನ್ನು ಎಲ್ಲಿ ಬೇಕಾದರೂ ಹಿಡಿದು ನಿಲ್ಲಿಸಬಹುದು, ಗದರುವ ಕಡೆ ನಿಲ್ಲಿಸುವುದು ಎಲ್ಲಕ್ಕಿಂತ ಅಗ್ಗ.

ಚಿಕಿತ್ಸೆಯಲ್ಲಿ ಮೊದಲ ಹೆಜ್ಜೆ ಮಾತು ಮತ್ತು ಚಟುವಟಿಕೆ. ಗೋವಾದಲ್ಲಿ ತರಬೇತಿ ಪಡೆದ ಸಾಮಾನ್ಯ ಜನರೇ ಕೆಲವೇ ಭೇಟಿಗಳಲ್ಲಿ ಖಿನ್ನತೆಯನ್ನು ಗಣನೀಯವಾಗಿ ತಗ್ಗಿಸಬಲ್ಲರು ಎಂಬುದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಂಡುಬಂದಿತ್ತು. ನಮ್ಮ ರಾಜ್ಯದಲ್ಲೇ, ಆಗಿನ ರಾಮನಗರ (ಈಗಿನ ಬೆಂಗಳೂರು ದಕ್ಷಿಣ) ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆಯ ಸಂಶೋಧಕರು ಸಕ್ಕರೆ, ರಕ್ತದೊತ್ತಡಗಳ ಜೊತೆಗೇ ಖಿನ್ನತೆಗೂ ಆರೈಕೆ ಕೊಡುವ ಮಾದರಿಯನ್ನು ಪರೀಕ್ಷಿಸಿದ್ದಾರೆ. ನಮ್ಮಲ್ಲಿ ಅದನ್ನು ಸರಳವಾಗಿ ಮಾಡುತ್ತೇವೆ: ಕಾಯಿಲೆಗೆ ಮುಂಚೆ ದಿನ ಹೇಗಿತ್ತು ಎಂದು ಕೇಳಿ, ಬಿಟ್ಟುಹೋದ ಕೆಲಸಗಳಲ್ಲಿ ಈಗಿನ ಮೈಗೆ ಆಗುವಂಥ ಒಂದನ್ನು ರೋಗಿಯೇ ಆರಿಸಿಕೊಳ್ಳಬೇಕು. ಜಗುಲಿಯಲ್ಲಿ ಕುಳಿತವರೊಬ್ಬರು ಹಾಲಿನ ಡೇರಿಗೆ ಬೆಳಿಗ್ಗೆ ಕ್ಯಾನು ಒಯ್ಯುವುದನ್ನು ಆರಿಸಿಕೊಂಡರು. ನಡಿಗೆಯೂ ಆಯಿತು, ನಾಲ್ಕು ಜನರ ಜೊತೆ ಮಾತೂ ಆಯಿತು. ‘ವಾಕಿಂಗ್ ಮಾಡಿ’ ಎಂಬ ನಮ್ಮ ಚೀಟಿ ಇಷ್ಟನ್ನು ಎಂದೂ ಸಾಧಿಸಿರಲಿಲ್ಲ.

ಮಾತ್ರೆ ಬೇಕಾದವರಿಗೆ ಸಾಮಾನ್ಯವಾಗಿ ಎಸ್‌ಎಸ್‌ಆರ್‌ಐ ಎಂಬ ಖಿನ್ನತೆ ತಗ್ಗಿಸುವ ಮಾತ್ರೆಗಳ ಗುಂಪಿನ ಒಂದನ್ನು ಕಡಿಮೆ ಪ್ರಮಾಣದಲ್ಲಿ ಶುರು ಮಾಡುತ್ತೇನೆ. ಹೃದಯಾಘಾತ ಆದವರಲ್ಲಿ ಆ ಗುಂಪಿನ ಸರ್ಟ್ರಾಲಿನ್ ಬಗ್ಗೆ ಒಳ್ಳೆಯ ಅನುಭವವಿದೆ. ಅದಕ್ಕೂ ಮೊದಲು, ಹಿಂದೆ ಯಾವಾಗಲಾದರೂ ನಿದ್ದೆಯೇ ಬೇಡವಾಗಿ, ವಿಪರೀತ ಹುರುಪಿನಿಂದ ಹಣ ಚೆಲ್ಲಿದ ದಿನಗಳಿದ್ದವೇ ಎಂದು ಕೇಳಬೇಕು. ಹೌದಾದರೆ ಅವರನ್ನು ಮನೋವೈದ್ಯರೇ ನೋಡಬೇಕು. ಸಕ್ಕರೆ ಇಳಿಸುವ ಗ್ಲಿಮಿಪಿರೈಡ್ ನುಂಗುವವರಿಗೆ ಅದೇ ಗುಂಪಿನ ಫ್ಲುವೊಕ್ಸೆಟಿನ್ ಸೇರಿಸಿದರೆ ಸಕ್ಕರೆ ಕುಸಿಯಬಹುದೆಂದು ಎಚ್ಚರಿಸುತ್ತೇನೆ. ವಯಸ್ಸಾದವರು ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಈ ಗುಂಪಿನ ಮಾತ್ರೆಯೂ ಸೇರಿದಾಗ ರಕ್ತದ ಸೋಡಿಯಂ ಇಳಿದು ತಲೆಸುತ್ತು, ಗಲಿಬಿಲಿ ಬರಬಹುದು, ರಕ್ತಪರೀಕ್ಷೆ ಮಾಡಿಸಬೇಕು. ಪಾದದ ಉರಿಗೆ ರಾತ್ರಿ ಕೊಡುವ ಸಣ್ಣ ಪ್ರಮಾಣದ ಅಮಿಟ್ರಿಪ್ಟಿಲಿನ್ ಖಿನ್ನತೆಗೂ ಆಯಿತು ಎಂದುಕೊಳ್ಳಬಾರದು, ಆ ಪ್ರಮಾಣ ಸಾಲದು. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕೆಂದು ಮೊದಲ ದಿನವೇ ಹೇಳದಿದ್ದರೆ ಜನ ಐದನೆಯ ದಿನಕ್ಕೆ ಮಾತ್ರೆ ಬಿಟ್ಟುಬಿಡುತ್ತಾರೆ.

ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯದು. ಅದನ್ನು ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಅಂಜಿಕೆ ನಮ್ಮ ಸಿಬ್ಬಂದಿಗೂ ಇತ್ತು. ಹಾಗೆ ಆಗುವುದಿಲ್ಲ, ಕೇಳಿಸಿಕೊಂಡವರು ಬಹುಪಾಲು ನಿಟ್ಟುಸಿರು ಬಿಡುತ್ತಾರೆ. ಆ ಉತ್ತರ ಸೊನ್ನೆಯಲ್ಲದಿದ್ದರೆ ಒಟ್ಟು ಅಂಕ ಎಷ್ಟೇ ಇರಲಿ, ಅಂದೇ ನಾನು ಕೂರಿಸಿಕೊಂಡು ಮಾತನಾಡುತ್ತೇನೆ. ರೋಗಿಯ ಒಪ್ಪಿಗೆ ಪಡೆದು ಮನೆಯ ನಂಬಿಕೆಯ ಒಬ್ಬರನ್ನು ಕರೆಸಿ, ಕೀಟನಾಶಕ ಮತ್ತು ಮಾತ್ರೆಗಳು ಅವರ ವಶದಲ್ಲಿ ಬೀಗದೊಳಗೆ ಇರುವಂತೆ ಹೇಳುತ್ತೇನೆ. ತಿಂಗಳ ಬದಲು ವಾರಕ್ಕೆ ಸಾಕಾಗುವಷ್ಟೇ ಔಷಧಿ ಕೊಡುತ್ತೇವೆ. ಅಪಾಯ ಹತ್ತಿರದಲ್ಲಿದೆ ಎನ್ನಿಸಿದರೆ ಮನೆಗೆ ಬಿಡದೆ ಜಿಲ್ಲಾ ಆಸ್ಪತ್ರೆಗೆ ಕಳುಹಿಸುತ್ತೇವೆ. ಉಳಿದವರು ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರದಂದು ಬರುವ ಮನೋವೈದ್ಯರನ್ನು ಕಾಣುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಬಿಪಿ ಚೀಟಿಯ ಹಿಂದೆ ದಪ್ಪಕ್ಷರದಲ್ಲಿ ಬರೆದುಕೊಡುತ್ತೇವೆ. ಅಲ್ಲಿ ಕನ್ನಡದಲ್ಲೇ, ಯಾವ ಹೊತ್ತಿನಲ್ಲಾದರೂ ಮಾತನಾಡಬಹುದು.

ಪ್ರತಿ ತಿಂಗಳು ಬಿಪಿ, ಸಕ್ಕರೆಗಳ ಪಕ್ಕದಲ್ಲೇ ಖಿನ್ನತೆಯ ಅಂಕವನ್ನೂ ಬರೆಯುತ್ತೇವೆ. ಅಂಕ ಮೊದಲಿದ್ದದ್ದರ ಅರ್ಧಕ್ಕಿಂತ ಕೆಳಗಿಳಿಯದಿದ್ದರೆ ಮಾತ್ರೆಯ ಪ್ರಮಾಣವನ್ನೋ, ಮನೆಯ ಪರಿಸ್ಥಿತಿಯನ್ನೋ ಮತ್ತೆ ನೋಡಬೇಕು. ಬಾರದೆ ಉಳಿದವರ ಮನೆಗೆ ಆಶಾ ಕಾರ್ಯಕರ್ತೆ ಹೋಗುತ್ತಾರೆ. ಬೀದಿಯವರ ಕಿವಿಗೆ ಬೀಳುವಂತೆ ಅವರು ಹೇಳುವುದು ‘ಬಿಪಿ ಚೆಕ್ ಮಾಡ್ಸೋಕೆ ಬರ್ಬೇಕಂತೆ’ ಎಂದಷ್ಟೇ. ಪೂರ್ತಿ ಚೇತರಿಸಿಕೊಂಡ ಮೇಲೂ ಆರರಿಂದ ಒಂಬತ್ತು ತಿಂಗಳು ಮಾತ್ರೆ ಮುಂದುವರಿಸಿ, ಆಮೇಲೆ ನಿಧಾನವಾಗಿ ಇಳಿಸುತ್ತೇನೆ. ಇಳಿಸುವ ತಿಂಗಳನ್ನು ಮಾತ್ರ ರೋಗಿಯನ್ನು ಕೇಳಿಯೇ ಗೊತ್ತು ಮಾಡುವುದು: ಸಾಲದ ಕಂತು ಬಂದ ತಿಂಗಳು, ಮಗಳ ಮದುವೆಯ ತಿಂಗಳು ಅದಕ್ಕೆ ತಕ್ಕ ಕಾಲವಲ್ಲ.