ಸಾವಯವ ಆದರೂ ತೊಳೆಯಲೇಬೇಕು

ಬಸುರಿ ಹೆಣ್ಣುಮಕ್ಕಳು ಸಾವಯವವೇ ತಿನ್ನಬೇಕು ಅನ್ನುವುದು ಈಗ ನಮ್ಮ ಕೊಪ್ಪಳದಲ್ಲೂ ಎಲ್ಲರ ಬಾಯಲ್ಲಿದೆ. ಒಳ್ಳೆಯ ಮಾತೇ. ಗಂಗಾವತಿ ಕಡೆ ಭತ್ತಕ್ಕೆ, ರಾಯಚೂರು ಕಡೆ ಹತ್ತಿ, ಮೆಣಸಿನಕಾಯಿಗೆ ಔಷಧ ಹೊಡೆಯುವುದನ್ನು ಕಣ್ಣಾರೆ ಕಂಡವರು ನಾವು. ಆದರೆ ಜಾಸ್ತಿ ದುಡ್ಡು ಕೊಟ್ಟು ಸಾವಯವ ಸೊಪ್ಪು ತಂದು, "ಇದಕ್ಕೆ ಔಷಧ ಹೊಡೆದಿಲ್ಲ ಅತ್ತೀ" ಅಂತ ನಲ್ಲಿ ಕೆಳಗೆ ಒಂದು ಸಲ ಹಿಡಿದು ಹೆಚ್ಚಿಬಿಡುತ್ತಾರಲ್ಲ, ಅದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಔಷಧ ಹೊಡೆದಿಲ್ಲ, ಸರಿ. ತಿಪ್ಪೆಗೊಬ್ಬರ ಹಾಕಿಲ್ವಾ? ಗೊಬ್ಬರದಲ್ಲಿ, ಮಣ್ಣಿನಲ್ಲಿ ಇರುವ ರೋಗಾಣು ಬಸುರಿಗೂ ಕೆಟ್ಟದ್ದು, ಹೊಟ್ಟೆಯಲ್ಲಿರುವ ಕೂಸಿಗೂ ಕೆಟ್ಟದ್ದು.

ಸೊಪ್ಪು ತೊಳೆಯುವುದನ್ನು ಸರಿಯಾಗಿ ಕಲಿಯಿರಿ. ಕಟ್ಟು ಬಿಚ್ಚಿ, ಬೇರು ಕತ್ತರಿಸಿ, ಹಳದಿ ಎಲೆ, ಕೊಳೆತ ಎಲೆ ಆರಿಸಿ ತೆಗೆಯಿರಿ. ಅಗಲ ಬಾಯಿಯ ಬೋಗುಣಿಯಲ್ಲಿ ಸೊಪ್ಪು ತೇಲುವಷ್ಟು ನೀರಿರಲಿ. ಕೈಯಿಂದ ಮೆಲ್ಲಗೆ ಆಡಿಸಿ, ಹಿಂಡಬೇಡಿ. ಆಮೇಲೆ ಒಂದು ರೊಟ್ಟಿ ಬಡಿದು ಬೇಯಿಸುವಷ್ಟು ಹೊತ್ತು ಸುಮ್ನೆ ಬಿಡಿ. ಮಣ್ಣು ತಳಕ್ಕೆ ಇಳಿಯುತ್ತದೆ. ಈಗ ಎರಡೂ ಕೈಯಿಂದ ಸೊಪ್ಪನ್ನು ಮೇಲಕ್ಕೆತ್ತಿ ಜಾಲರಿ ಬುಟ್ಟಿಗೆ ಹಾಕಿ. ಬೋಗುಣಿ ಬಗ್ಗಿಸಿ ನೀರು ಚೆಲ್ಲಿದರೆ ಇಳಿದ ಮಣ್ಣೆಲ್ಲ ತಿರುಗಿ ಸೊಪ್ಪಿಗೇ ಮೆತ್ತುತ್ತದೆ. ಎಲ್ಲರೂ ಎಡವುವುದು ಇಲ್ಲೇ. ಸೊಪ್ಪು ಎತ್ತಿದ ಮೇಲೆ ಬೋಗುಣಿಯ ತಳ ಬೆರಳಿಂದ ಸವರಿ. ಉಸುಕು ತಾಕಿತಾ? ಮತ್ತೊಂದು ನೀರು. ಮೆಂತ್ಯೆಗಂತೂ ಇನ್ನೂ ಒಂದೆರಡು ನೀರು ಜಾಸ್ತಿಯೇ ಬೇಕು. ಆಮೇಲೆ ಹತ್ತಿ ಬಟ್ಟೆ ಮೇಲೆ ಹರವಿ, ನೀರಾರಿದ ಮೇಲೆ ಹೆಚ್ಚಿ. ಹೆಚ್ಚಿ ತೊಳೆದರೆ ಸತ್ವ ನೀರಿನ ಪಾಲು. ತೊಳೆದ ನೀರನ್ನು ಕರಿಬೇವಿನ ಗಿಡಕ್ಕೆ ಹಾಕಿ.

ನಮ್ಮವ್ವ ಯಲಬುರ್ಗಾ ಕಡೆಯ ಎರೆ ಹೊಲದಲ್ಲಿ ದುಡಿದವಳು. ಚೊಚ್ಚಲ ಬಸುರಿನಲ್ಲಿ ನಾನು ತವರಿಗೆ ಹೋದಾಗ ಸೊಪ್ಪು ತೊಳೆದು ಎದ್ದರೆ "ಬೆರಳು ತೋರಿಸು" ಅನ್ನುತ್ತಿದ್ದಳು. ತುದಿಯಲ್ಲಿ ಒಂದು ಕಾಳು ಉಸುಕಿದ್ದರೂ ಒಲೆ ಹತ್ತಿರ ಬಿಡುತ್ತಿರಲಿಲ್ಲ.

ಸೊಪ್ಪಿನ ಪಲ್ಯವನ್ನು ಕಬ್ಬಿಣದ ಬಾಣಲೆಯಲ್ಲಿ ಮಾಡಿ. ಪುಂಡಿಪಲ್ಯ ಮಾತ್ರ ಬೇಡ, ಹುಳಿಗೆ ಕಪ್ಪಾಗುತ್ತದೆ. ಆದ ಕೂಡಲೇ ಬೇರೆ ಪಾತ್ರೆಗೆ ತೆಗೆಯಿರಿ. ಬಾಣಲೆಯನ್ನು ಮುಸುರೆ ನೀರಲ್ಲಿ ರಾತ್ರಿಯೆಲ್ಲ ನೆನೆಹಾಕುವವರಿಗೆ ಏನು ಹೇಳಲಿ! ತೊಳೆದು, ಒರೆಸಿ, ಒಂದು ಹನಿ ಎಣ್ಣೆ ಸವರಿ ಇಟ್ಟರೆ ತುಕ್ಕು ಹಿಡಿಯುವುದಿಲ್ಲ. ಉಣ್ಣುವಾಗ ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳಿ, ಸೊಪ್ಪಿನ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಆ ಲಾಭ ಹೋಯಿತು. ಒಂದು ಗಂಟೆ ತಡೆಯಿರಿ.

ಕಾಳಿನ ವಿಷಯಕ್ಕೆ ಡಬ್ಬಿ, ಪ್ಯಾಕೆಟ್ ಹುಡುಕಬೇಕಿಲ್ಲ. ಮಳೆ ನಂಬಿ ಬೆಳೆಯುವ ಜವಾರಿ ಜೋಳ, ಸಜ್ಜೆ, ನವಣೆಗೆ ಅಷ್ಟಾಗಿ ಔಷಧ ಬೀಳುವುದಿಲ್ಲ. ಗುರುತಿನ ರೈತರನ್ನು ಕೇಳಿ ತನ್ನಿ. ಪ್ಯಾಕೆಟ್ಟೇ ಬೇಕಾದರೆ ಸರ್ಕಾರದ ಸಾವಯವ ಗುರುತು ನೋಡಿ. ಮೊಳಕೆ ಕಾಳು ಬಸುರಿಗೆ ಹಸಿ ಬೇಡ, ಬೇಯಿಸಿ ಕೊಡಿ. ಹಳ್ಳಿಯಿಂದ ಬಂದ ಹಾಲನ್ನೂ ಉಕ್ಕಿಸಿಯೇ ಕುಡಿಯಬೇಕು.

ಸಾವಯವ ತಿನ್ನುತ್ತೇನೆ ಅಂತ ಮಾತ್ರೆ ಬಿಡುವವರೂ ಇದ್ದಾರೆ. ಮೊದಲ 3 ತಿಂಗಳು ಫೋಲಿಕ್ ಆಸಿಡ್, ಆಮೇಲೆ ದಿನಕ್ಕೊಂದರಂತೆ 180 ದಿನ ಕಬ್ಬಿಣದ ಮಾತ್ರೆ ಅಂತ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುತ್ತಾರೆ, ತಪ್ಪಿಸಬೇಡಿ. ಕಬ್ಬಿಣದ್ದು, ಕ್ಯಾಲ್ಸಿಯಂದು ಒಟ್ಟಿಗೆ ನುಂಗಬೇಡಿ.

ಇನ್ನು ಉಪ್ಪು. ಅಯೋಡಿನ್ ಉಪ್ಪು ಬಿಸಾಕಿ ಸೈಂಧವ ಲವಣ ಹಿಡಿಯುವುದು ಈಗಿನ ಹೊಸ ಹುಚ್ಚು. ಕೂಸಿನ ಮಿದುಳು ಬೆಳೆಯಲು ಅಯೋಡಿನ್ ಬೇಕೇ ಬೇಕು. ಬಸುರಿಯ ಅಡುಗೆಗೆ ಅಯೋಡಿನ್ ಉಪ್ಪನ್ನೇ ಬಳಸಿ, ಇಳಿಸುವ ಹೊತ್ತಿಗೆ ಹಾಕಿ. ಡಬ್ಬಿ ಒಲೆಯಿಂದ ದೂರ ಇರಲಿ, ಮುಚ್ಚಳ ಬಿಗಿಯಾಗಿರಲಿ.