ಹಾಲೆ ಮರದ ಅಚ್ಚಿನಲ್ಲಿ ಮಾರುತ್: ನನ್ನ ಅನುಭವ

ಮಾಡೆಲ್ ವಿಮಾನ ಮಾಡುವ ಗೆಳೆಯರಿಂದ ಮೂರು ವರ್ಷದಿಂದ ಕೇಳಿದ್ದು ಒಂದೇ ಮಾತು. "ಸಾರ್, ಮನೆಯ ವ್ಯಾಕ್ಯೂಮ್ ಕ್ಲೀನರ್ ಇಟ್ಕೊಂಡು ಸೋಪಿನ ಡಬ್ಬ ಎಳೀಬಹುದು, ವಿಮಾನ ಎಳೆಯೋಕೆ ಆಗಲ್ಲ." ಎಳೆಯುವುದು ಅಂದರೆ, ಬಿಸಿ ಪ್ಲಾಸ್ಟಿಕ್ ಶೀಟನ್ನು ಅಚ್ಚಿನ ಮೇಲೆ ಇಳಿಸಿ, ಕೆಳಗಿನಿಂದ ಗಾಳಿ ಎಳೆದು ಅಚ್ಚಿನ ಆಕಾರಕ್ಕೆ ತರುವುದು. ಕಳೆದ ವರ್ಷ ಎಚ್‌ಎಎಲ್‌ನ ಯುದ್ಧವಿಮಾನ ಎಚ್‌ಎಫ್-24 ಮಾರುತ್‌ನ ಮೈಯ ಎಡ ಬಲ ಎರಡೂ ಹೋಳು ಒಂದೇ ಎಳೆತಕ್ಕೆ ಬಂದವು. 1:48 ಅಳತೆಯ ಮಾಡೆಲ್, ಅಂದರೆ ನಿಜವಾದದ್ದರ 48ರಲ್ಲಿ ಒಂದು ಭಾಗ. ಮೂಗಿನಿಂದ ಬಾಲಕ್ಕೆ 33 ಸೆಂ.ಮೀ., ರೆಕ್ಕೆ ತುದಿಯಿಂದ ತುದಿಗೆ 18.75. ಹೋಳು ಎರಡನ್ನೂ ಜೋಡಿಸಿ ಬೆಳಕಿಗೆ ಹಿಡಿದೆ. ಮಧ್ಯದ ಗೆರೆಯಲ್ಲಿ ಬೆಳಕು ನುಸುಳಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮಾರುತ್ ಯಾಕೆ ಅಂದರೆ, ನಾನು ಬೆಳೆದದ್ದು ಬೆಂಗಳೂರಿನ ವಿಮಾನಪುರದಲ್ಲಿ. ಅಪ್ಪ ಎಚ್‌ಎಎಲ್‌ನಲ್ಲಿ ಪ್ಯಾಟರ್ನ್ ಶಾಪ್‌ನ ಮರಗೆಲಸದವರು. ಈ ವಿಮಾನಕ್ಕೆ ಇಂಜಿನ್ ಕೂರಿಸುವ ಮೊದಲು ಅದನ್ನು ಪೂರಾ ಮರದಲ್ಲಿ, ಅದೇ ಸೈಜಿನಲ್ಲಿ ಗ್ಲೈಡರ್ ಮಾಡಿ, ಡಕೋಟಾ ವಿಮಾನದ ಹಿಂದೆ ಕಟ್ಟಿ 1959ರಲ್ಲಿ ಹಾರಿಸಿದ್ದರು. ಅಪ್ಪನಿಗೆ ಆಗ ಕೆಲಸ ಹೊಸತು. "ಮೊದಲು ಹಾರಿದ್ದು ಮರದ್ದು ಕಣೋ, ತಗಡಿನದು ಆಮೇಲೆ" ಅಂತ ಸಾಯುವ ತನಕ ಹೇಳುತ್ತಿದ್ದರು. ಜರ್ಮನಿಯ ಕುರ್ಟ್ ಟ್ಯಾಂಕ್ ವಿನ್ಯಾಸ ಮಾಡಿದ ಆ ವಿಮಾನವನ್ನು 1961ರ ಜೂನ್ 17ರಂದು ಮೊದಲು ಹಾರಿಸಿದವರು ಟೆಸ್ಟ್ ಪೈಲಟ್ ಸುರಂಜನ್ ದಾಸ್. 1970ರ ಜನವರಿ 10ರಂದು ಮಾರುತ್ ಅಪಘಾತದಲ್ಲೇ ಅವರು ತೀರಿಕೊಂಡರು. ಆ ದಿನ ಅಪ್ಪ ಮನೆಗೆ ಬಂದು ಊಟಕ್ಕೆ ಕೂರಲಿಲ್ಲ. ನನಗೆ ಆಗ ಏಳೋ ಎಂಟೋ ವರ್ಷ. ಇವತ್ತಿಗೂ ಸುರಂಜನ್ ದಾಸ್ ರಸ್ತೆಯ ಸಿಗ್ನಲ್‌ನಲ್ಲಿ ನಿಂತಾಗ ನನಗೆ ನೆನಪಾಗುವುದು ಮುಚ್ಚಿಟ್ಟ ಆ ಊಟದ ತಟ್ಟೆ.

ಅಂಗಡಿಯಲ್ಲಿ ಮಿಗ್-21 ಕಿಟ್ ಕೇಳಿದರೆ ಸಿಗುತ್ತದೆ. ಮಾರುತ್ ಹಾಗೆ ಸುಲಭಕ್ಕೆ ಸಿಗುವುದಿಲ್ಲ. 147 ಮಾಡಿದ್ದು ನಮ್ಮ ಊರಲ್ಲೇ, ಮಾಡೆಲ್‌ಗೆ ಮಾತ್ರ ಪರದಾಟ. ನಾನೇ ಮಾಡುತ್ತೇನೆ ಅಂತ ಕೂತೆ.

ಮೊದಲನೇ ಅಚ್ಚು ತೇಗದ್ದು. ಹಳೇ ಬಾಗಿಲು ಚೌಕಟ್ಟಿನ ತುಂಡು, ಪುಕ್ಕಟೆ. ಕೆತ್ತುವುದಕ್ಕೆ ಒಂದೂವರೆ ತಿಂಗಳು ಹಿಡಿಯಿತು. ಬಿಸಿ ಶೀಟ್ ಬಿದ್ದ ತಕ್ಷಣ ಮರದೊಳಗಿನ ಎಣ್ಣೆ ಜಿನುಗಿ ಹೊರಗೆ ಬಂತು. ಅದರ ನಾರು ಗೆರೆಗೆರೆಯಾಗಿ ಪ್ಲಾಸ್ಟಿಕ್ ಮೇಲೆ ಮೂಡಿತು. ಎಷ್ಟು ಪುಟ್ಟಿ ಹಚ್ಚಿದರೂ ನಾಲ್ಕನೇ ಎಳೆತಕ್ಕೆ ಮತ್ತೆ ಗೆರೆ. ಬಾಲ್ಸಾ ಅನ್ನುವ ಹಗುರ ಮರ ಪ್ರಯತ್ನಿಸಿದೆ. ಎಳೆತದ ಒತ್ತಡಕ್ಕೆ ಬೆನ್ನಿನ ಏಣು ಕುಸಿಯಿತು.

ಅಷ್ಟರಲ್ಲಿ ಪರಿಚಯದ ಹುಡುಗನೊಬ್ಬ, "ಅಂಕಲ್, ಸುಮ್ನೆ ತ್ರೀಡಿ ಪ್ರಿಂಟ್ ಹಾಕಿಸಿ" ಅಂದ. ಹಾಕಿಸಿದೆ. 2,200 ರೂಪಾಯಿ. ನೋಡಲು ಚೆನ್ನಾಗಿಯೇ ಇತ್ತು, ಪದರದ ಗೆರೆ ಉಜ್ಜಲು ಒಂದು ವಾರ ಬೇಕಾಯಿತು. ಆದರೆ ಅದು ಪಿಎಲ್‌ಎ ಅನ್ನುವ ಪ್ಲಾಸ್ಟಿಕ್. ಅದು 60 ಡಿಗ್ರಿಗೇ ಮೆತ್ತಗಾಗುತ್ತದೆ, ನನ್ನ ಶೀಟ್ ಬೀಳುವುದು 150ರ ಆಸುಪಾಸಿನಲ್ಲಿ. ಕ್ಲೀನರ್ ಹಾಕಿದ ಎರಡು ಸೆಕೆಂಡಿಗೆ ಕಾಕ್‌ಪಿಟ್ ಜಾಗ ತಟ್ಟೆಯ ಹಾಗೆ ಒಳಗೆ ಹೋಯಿತು. ಪ್ರಿಂಟ್ ಮಾಡಿದವರ ತಪ್ಪೇನಿಲ್ಲ, ಯಾವುದಕ್ಕೆ ಅಂತ ನಾನು ಹೇಳಿರಲಿಲ್ಲ. ಅಚ್ಚಿಗೆ ಪ್ರಿಂಟ್ ಬಳಸುವವರು ದಯವಿಟ್ಟು ಇದನ್ನು ನೆನಪಿಡಿ.

ಉತ್ತರ ಸಿಕ್ಕಿದ್ದು ಚನ್ನಪಟ್ಟಣದಲ್ಲಿ. ನೆಂಟರ ಮದುವೆಗೆ ಹೋದವನು ಗೊಂಬೆ ಮಾಡುವವರೊಬ್ಬರ ಲೇತ್ ಮುಂದೆ ಒಂದು ಗಂಟೆ ನಿಂತೆ. ಅವರು ಬಳಸುವುದು ಹಾಲೆ ಮರ. ಬೆಳ್ಳಗೆ, ಸಣ್ಣ ನಾರು, ಉಳಿ ಇಟ್ಟರೆ ಬೆಣ್ಣೆಯ ಹಾಗೆ ಬಿಡುತ್ತದೆ, ಅಂಚು ಮಾತ್ರ ಒಡೆಯುವುದಿಲ್ಲ. ಎರಡು ತುಂಡಿಗೆ 350 ಕೊಟ್ಟೆ. "ಹಸಿ ಇದೆ ಸ್ವಾಮಿ, ಮೂರು ತಿಂಗಳು ನೆರಳಲ್ಲಿ ಇಡಿ" ಅಂದರು. ಒಂದು ತುಂಡನ್ನು ಎರಡೇ ತಿಂಗಳಿಗೆ ಕೆತ್ತಿದೆ, ಸೊಟ್ಟಗಾಯಿತು. ಇನ್ನೊಂದನ್ನು ನಾಲ್ಕು ತಿಂಗಳು ಅಟ್ಟದ ಮೇಲೆ ಇಟ್ಟೆ.

ಕೆತ್ತನೆಗೆ ಮೊದಲು ಅಪ್ಪನ ಒಂದು ಉಪಾಯ ಬಳಸಿದೆ. ತುಂಡನ್ನು ಉದ್ದಕ್ಕೆ ಸೀಳಿಸಿ, ಎರಡು ಹೋಳಿನ ನಡುವೆ ದಿನಪತ್ರಿಕೆ ಹಾಳೆ ಇಟ್ಟು ಫೆವಿಕಾಲ್‌ನಲ್ಲಿ ಅಂಟಿಸುವುದು. ಆಮೇಲೆ ಒಂದೇ ಮರ ಅಂದುಕೊಂಡು ಪೂರ್ತಿ ವಿಮಾನ ಕೆತ್ತುವುದು. ಮುಗಿದ ಮೇಲೆ ಅಂಟಿದ ಗೆರೆಗೆ ಅಗಲ ಉಳಿ ಇಟ್ಟು ಸಣ್ಣಗೆ ಒಂದು ಏಟು. ಟಪ್ ಅಂತ ಕಾಗದದ ನಡುವೆಯೇ ಬಿಡುತ್ತದೆ. ಎಡ ಬಲ ಎರಡೂ ಕನ್ನಡಿ ಹಿಡಿದ ಹಾಗೆ ಒಂದೇ. ನನ್ನ ಎಡ ಹೋಳಿನ ಒಳಮೈಯಲ್ಲಿ ಈಗಲೂ ಕ್ರಿಕೆಟ್ ಸ್ಕೋರು ಓದಬಹುದು.

ಎರಡು ಸೆಂ.ಮೀ.ಗೊಂದು ರಟ್ಟಿನ ಟೆಂಪ್ಲೇಟ್ ಇಟ್ಟುಕೊಂಡೆ, ಒಟ್ಟು ಹದಿನಾರು. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಅಂಗಳದಲ್ಲಿ ಮಾರುತ್ ನಿಂತಿದೆಯಲ್ಲ, ಅದರ ಸುತ್ತ ಏನಿಲ್ಲವೆಂದರೂ ಒಂಬತ್ತು ಸಲ ಸುತ್ತಿದ್ದೇನೆ. ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂಗೂ ಹೋಗಿ ಬಂದೆ. ಕೈಗೆ ಸಿಗುವ ಡ್ರಾಯಿಂಗ್‌ಗಳಲ್ಲಿ ಸೊಂಟದ ಬಾಗು ಕಡಿಮೆ ತೋರಿಸಿರುತ್ತಾರೆ. ನಿಜವಾದ ವಿಮಾನದ ಮುಂದೆ ನಿಂತು ನೋಡಿ, ರೆಕ್ಕೆ ಸೇರುವ ಕಡೆ ಮೈ ಎಷ್ಟು ಸಣ್ಣಗಾಗುತ್ತದೆ! ಶಬ್ದದ ವೇಗದ ಹತ್ತಿರ ಗಾಳಿಯ ತಡೆ ಕಡಿಮೆಯಾಗಲಿ ಅಂತ ಮಾಡಿದ ಸೊಂಟ ಅದು. ಅದು ಬರದಿದ್ದರೆ ಮಾರುತ್ ಮಾರುತ್ ಅಲ್ಲ.

ಆದರೆ ಆ ಸೊಂಟವೇ ನನ್ನನ್ನು ಒಂದು ವರ್ಷ ಕಾಡಿತು. ಬಿಸಿ ಶೀಟ್ ಮುಂದೆ ಹೊಟ್ಟೆಗೆ, ಹಿಂದೆ ಬಾಲಕ್ಕೆ ಅಂಟಿಕೊಂಡು ನಡುವಿನ ತಗ್ಗಿಗೆ ಸೇತುವೆ ಕಟ್ಟಿದ ಹಾಗೆ ನಿಲ್ಲುತ್ತಿತ್ತು. ಅಲ್ಲಿ ಅಚ್ಚಿಗೇ 0.8 ಮಿ.ಮೀ. ತೂತು ಆರು ಕೊರೆದೆ. ಅರ್ಧ ಸರಿಹೋಯಿತು. ಇನ್ನರ್ಧ ಎಳೆತದ ಸಮಸ್ಯೆ. ಇಲ್ಲಿ ನಮ್ಮವರ ಮಾತು ನಿಜ, ಕ್ಲೀನರ್ ಒಂದರಿಂದಲೇ ಆಗುವುದಿಲ್ಲ. ಅದು ಗಾಳಿಯನ್ನು ಬೇಗ ಎಳೆಯುತ್ತದೆ, ಆದರೆ ಗಟ್ಟಿಯಾಗಿ ಎಳೆಯುವುದಿಲ್ಲ. ಬಾಯಿ ಮುಚ್ಚಿಕೊಂಡಾಗ ಮೋಟರ್ ಕಾದು ನಮ್ಮ ಮನೆಯದು ಒಂದು ಸಲ ಸುಟ್ಟೂ ಹೋಯಿತು. ರಿಪೇರಿಗೆ 1,100. "ರೀ, ಕ್ಲೀನರ್ ಎಲ್ಲಿ?" ಅಂತ ನನ್ನವಳು ಕೇಳಿದಾಗ ನಿಜ ಹೇಳಿದೆ. ಎರಡು ವಾರ ಮನೆ ಪೂರಾ ನಾನೇ ಗುಡಿಸಿದೆ.

ಆಮೇಲೆ ಶಿವಾಜಿನಗರದ ಗುಜರಿಯಿಂದ ಹಳೇ ಫ್ರಿಜ್‌ನ ಕಂಪ್ರೆಸರ್ ತಂದೆ, 800. ಅದರದ್ದು ಉಲ್ಟಾ. ಗಟ್ಟಿ ಎಳೆತ, ಆದರೆ ನಿಧಾನ. ಅದು ಎಳೆದು ಮುಗಿಸುವ ಹೊತ್ತಿಗೆ ಶೀಟ್ ಆರಿ ಹಪ್ಪಳವಾಗಿರುತ್ತದೆ. ಎರಡೂ ಸೋತ ಮೇಲೆ ಹೊಳೆದದ್ದು ಟ್ಯಾಂಕ್. ಹಳೇ ಏರ್ ಕಂಪ್ರೆಸರ್‌ನ ದಪ್ಪ ಟ್ಯಾಂಕ್ 1,200ಕ್ಕೆ ಸಿಕ್ಕಿತು. ಫ್ರಿಜ್ ಕಂಪ್ರೆಸರ್ ಹತ್ತು ಹದಿನೈದು ನಿಮಿಷ ಓಡಿ ಆ ಟ್ಯಾಂಕ್ ಖಾಲಿ ಮಾಡುತ್ತದೆ. ಶೀಟ್ ಅಚ್ಚಿನ ಮೇಲೆ ಇಳಿಸಿದ ಕೂಡಲೇ ಮೊದಲು ಕ್ಲೀನರ್. ಒಂದು, ಎರಡು ಅಂತ ಎಣಿಸಿ ಟ್ಯಾಂಕಿನ ಬಾಲ್ ವಾಲ್ವ್ ತಿರುಗಿಸುವುದು. ಠಪ್ ಅಂತ ಶಬ್ದ, ಸೊಂಟದ ತಗ್ಗಿನಲ್ಲಿ ಶೀಟ್ ಕೂತೇ ಬಿಡುತ್ತದೆ. ಟ್ಯಾಂಕ್ ಎಳೆಯುವಾಗ ಕ್ಲೀನರ್ ಕಡೆಯಿಂದ ಗಾಳಿ ವಾಪಸ್ ನುಗ್ಗಬಾರದು. ಅದಕ್ಕೊಂದು ಕವಾಟ ಮಾಡಿದ್ದೇನೆ, ನಲವತ್ತು ರೂಪಾಯಿಯೂ ಖರ್ಚಾಗಿಲ್ಲ. ಅದು ಹೇಗೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ. ತಲೆ ಓಡಿಸಿದರೆ ನಿಮಗೂ ಹೊಳೆಯುತ್ತದೆ.

ಶೀಟ್ ಹಿಪ್ಸ್ ಅನ್ನುವ ಪ್ಲಾಸ್ಟಿಕ್‌ನದು, ಒಂದೂವರೆ ಮಿ.ಮೀ. ಒಂದು ಮಿ.ಮೀ. ತಂದು ಒಂದು ಫುಲ್ ಶೀಟ್ ಹಾಳು ಮಾಡಿದೆ, ಮೂಗಿನ ತುದಿಯಲ್ಲಿ ಎಳೆದು ಎಳೆದು ಕಾಗದವಾಗುತ್ತದೆ. ಕಾಯಿಸಲು ಮೊದಲು ಮನೆಯ ಓಟಿಜಿ ಓವನ್ ನೋಡಿದೆ, 33 ಸೆಂ.ಮೀ. ಅಚ್ಚಿನ ಫ್ರೇಮ್ ಬಾಗಿಲೊಳಗೇ ಹೋಗಲಿಲ್ಲ. ತಗಡಿನ ಡಬ್ಬದಲ್ಲಿ ಎರಡು 1000 ವ್ಯಾಟ್ ಒಲೆ ಕಾಯಿಲ್ ಹಾಕಿ, ಅರ್ತಿಂಗ್ ಕೊಟ್ಟು, ನಾನೇ ಮಾಡಿಕೊಂಡೆ. ಎರಡು ನಿಮಿಷ ಹಿಡಿಯುತ್ತದೆ, ಆದರೆ ಗಡಿಯಾರ ನೋಡಬೇಡಿ, ಶೀಟ್ ನೋಡಿ. ಮೊದಲು ಅಲೆ ಅಲೆಯಾಗಿ ಸುಕ್ಕಾಗುತ್ತದೆ. ಹೆದರಿ ತೆಗೆಯಬಾರದು. ಆಮೇಲೆ ತಾನೇ ಬಿಗಿಯಾಗಿ ಕನ್ನಡಿಯ ಹಾಗೆ ಆಗುತ್ತದೆ. ಅದಾದ ಮೇಲೆ ನಡುವೆ ಜೋಲು ಬೀಳುತ್ತದೆ. ಜೋಲು ಮುಕ್ಕಾಲು ಇಂಚು ಆದಾಗ ಇಳಿಸಿ. ಚಳಿಗಾಲದ ಬೆಳಿಗ್ಗೆ ಇನ್ನೂ ಸ್ವಲ್ಪ ಜಾಸ್ತಿ ಬಿಡಬೇಕು.

ಎರಡು ಹೋಳು ಹತ್ತಿರ ಹತ್ತಿರ ಇಟ್ಟರೆ ನಡುವೆ ಸೆರಗಿನ ಹಾಗೆ ಮಡಿಕೆ ಬೀಳುತ್ತದೆ. ಅಚ್ಚಿನ ಎತ್ತರದ ಎರಡರಷ್ಟು ದೂರ ಇಟ್ಟ ಮೇಲೆ ನಿಂತಿತು. ಅಚ್ಚಿನ ಕೆಳಗೆ 5 ಮಿ.ಮೀ. ಪ್ಲೈ ಕೊಟ್ಟಿದ್ದೇನೆ, ಕತ್ತರಿಸುವ ಗೆರೆ ಚೂಪಾಗಿ ಬರಲಿ ಅಂತ.

ಕ್ಯಾನೊಪಿಗೆ, ಅಂದರೆ ಪೈಲಟ್ ತಲೆ ಮೇಲಿನ ಗಾಜಿನ ಮುಚ್ಚಳಕ್ಕೆ, ಒಂದು ಅಡ್ಡ ಪ್ರಯೋಗ ಮಾಡಿದೆ. ನೀರಿನ ಬಾಟಲಿಯೊಳಗೆ ಅಚ್ಚು ತೂರಿಸಿ ಹಾಟ್ ಏರ್ ಗನ್ ಹಿಡಿದರೆ ಬಾಟಲಿ ಕುಗ್ಗಿ ಮೈಗೆ ಅಂಟಿಕೊಳ್ಳುತ್ತದೆ. 1:72ಕ್ಕೆ ಬಹಳ ಚೆನ್ನಾಗಿ ಬರುತ್ತದೆ, ನನ್ನ ಹಳೇ ನ್ಯಾಟ್ ವಿಮಾನದ ಮಾಡೆಲ್‌ಗೆ ಅದೇ ಹಾಕಿದ್ದೇನೆ. 1:48ಕ್ಕೆ ತೆಳು, ಒತ್ತಿದರೆ ಟಕ್ ಟಕ್ ಅನ್ನುತ್ತದೆ. ಕೊನೆಗೆ ಪೆಟ್‌ಜಿ ಅನ್ನುವ ಪಾರದರ್ಶಕ ಪ್ಲಾಸ್ಟಿಕ್ ಶೀಟ್‌ಗೇ ಬಂದೆ. ಮರದ ಗೆರೆ ಗಾಜಿನಲ್ಲಿ ಕಾಣದಿರಲು ಅಚ್ಚಿಗೆ ಏನು ತಿಕ್ಕುತ್ತೇನೆ ಅನ್ನುವುದು ಎರಡನೇ ಗುಟ್ಟು. ಅಡುಗೆಮನೆಯಲ್ಲೇ ಸಿಗುತ್ತದೆ, ಅಷ್ಟು ಹೇಳುತ್ತೇನೆ.

ರೆಕ್ಕೆ ಎಳೆಯಲು ಹೋಗಬೇಡಿ. ಹಿಂದಿನ ಅಂಚು ದಪ್ಪ ಬರುತ್ತದೆ. ಎರಡು ಶೀಟ್ ಅಂಟಿಸಿ ಉಜ್ಜಿದ್ದೇ ಸರಿ.

ಮೂಗಿನಲ್ಲಿ ನಾಲ್ಕು 30 ಮಿ.ಮೀ. ಏಡನ್ ಫಿರಂಗಿ. 48ರಿಂದ ಭಾಗಿಸಿದರೆ 0.625. ಮೆಡಿಕಲ್ ಶಾಪ್‌ನ 20 ಗೇಜ್ ಸೂಜಿಯ ಒಳತೂತು ಸುಮಾರು 0.6. ನಾಲ್ಕು ಸೂಜಿ, ತುದಿ ಉಜ್ಜಿ ಕೂರಿಸಿದೆ. ಟಾರ್ಚ್ ಬಿಟ್ಟು ನೋಡಿದರೆ ಒಳಗಿನ ಕತ್ತಲೂ ಕಾಣುತ್ತದೆ. ಈ ಮಾಡೆಲ್‌ನಲ್ಲಿ ನನಗೆ ಅತಿ ಇಷ್ಟವಾದ ಜಾಗ ಅದು. ನಮ್ಮ ಪೈಕಿ ಬೇರೆ ಯಾರೂ ಹೀಗೆ ಮಾಡಿದ್ದನ್ನು ನಾನು ನೋಡಿಲ್ಲ.

ಮೂಗಿಗೆ ಭಾರ ಮರೆಯಬೇಡಿ, ಇಲ್ಲದಿದ್ದರೆ ಮಾಡೆಲ್ ಬಾಲದ ಮೇಲೆ ಕೂರುತ್ತದೆ. ಎರಡು ಹೋಳು ಅಂಟಿಸುವ ಮೊದಲು ರಬ್ಬರ್ ಬ್ಯಾಂಡ್ ಸುತ್ತಿ ತೂಗಿಸಿ ನೋಡಿದೆ, 28 ಗ್ರಾಂ ಸೀಸದ ಗುಂಡು ಹಿಡಿಯಿತು. ಅಷ್ಟು ಭಾರಕ್ಕೆ ಚಕ್ರದ ಪ್ಲಾಸ್ಟಿಕ್ ಕಾಲು ಬಗ್ಗುತ್ತದೆ, ಹಿತ್ತಾಳೆ ಕೊಳವೆಯೇ ಬೇಕು.

ಬಣ್ಣ ಬೆಳ್ಳಿ. ನಾನು ಚಿಕ್ಕವನಿದ್ದಾಗ ಮನೆ ಮೇಲೆ ಹೋಗುತ್ತಿದ್ದವು ಬರಿ ಲೋಹದವೇ. ಜುಲೈ ತಿಂಗಳ ಮಳೆಯಲ್ಲಿ ಲ್ಯಾಕರ್ ಹೊಡೆದು ಮೈಯೆಲ್ಲ ಹಾಲು ಚೆಲ್ಲಿದ ಹಾಗೆ ಬಿಳಿಚಿಕೊಂಡಿತು. ಪೂರಾ ಕಿತ್ತು ಫೆಬ್ರುವರಿಯ ಬಿಸಿಲಿಗೆ ಕಾದೆ. ಕೆಳಗೆ ಹೊಳಪಿನ ಕಪ್ಪು, ಮೇಲೆ ಅಲ್ಯೂಮಿನಿಯಂ, ತೆಳ್ಳಗೆ ಐದು ಸಲ. ಬಾಲದ ಬಳಿ ಎರಡು ಆರ್ಫಿಯಸ್ ಇಂಜಿನ್‌ಗಳ ಶಾಖ ತಾಗುವ ಕಡೆ ಮಾತ್ರ ಅಡುಗೆಮನೆಯ ಫಾಯಿಲ್ ಅಂಟಿಸಿದೆ. 

ಒಟ್ಟು ಖರ್ಚು ನೆನಪಿನಿಂದ ಹೇಳುವುದಾದರೆ 12,500ರ ಹತ್ತಿರ. ಅದರಲ್ಲಿ ಐದು ಸಾವಿರ ಬರೀ ಸೋಲಿಗೆ. ಈಗ ಅಚ್ಚು ಇದೆ, ಟ್ಯಾಂಕ್ ಇದೆ. ಇನ್ನೊಂದು ಮೈ ಎಳೆಯಲು ಶೀಟ್ ಮತ್ತು ಕರೆಂಟ್ ಸೇರಿ ಇನ್ನೂರು ರೂಪಾಯಿಗಿಂತ ಜಾಸ್ತಿ ಆಗುವುದಿಲ್ಲ.

ಸೋಪಿನ ಡಬ್ಬ ಅಂದಿದ್ದ ಗೆಳೆಯರೊಬ್ಬರು ಹೋದ ಭಾನುವಾರ ಮನೆಗೆ ಬಂದಿದ್ದರು. ಮಾಡೆಲ್ ಕೈಗೆ ತೆಗೆದುಕೊಂಡು ಸೊಂಟದ ಮೇಲೆ ಬೆರಳಾಡಿಸಿದರು. ತಿರುಗಿಸಿ ಹೊಟ್ಟೆ ನೋಡಿದರು. ಕಾಫಿ ಆರಿಹೋಯಿತು. ಹೊರಡುವಾಗ ಬಾಗಿಲಲ್ಲಿ ನಿಂತು, "ಸಾರ್, ನನಗೊಂದು ಸೆಟ್ ಎಳೆದು ಕೊಡ್ತೀರಾ?" ಅಂದರು. ಒಂದೂವರೆ ಮಿ.ಮೀ. ಶೀಟ್ ತನ್ನಿ ಅಂದಿದ್ದೇನೆ.