ಅಮ್ಮನ ಉಪ್ಪಿನಕಾಯಿ ಭರಣಿಗೂ ಒಂದು ಲೇಬಲ್

ಹೋದ ವರ್ಷ ಯುಗಾದಿ ಕಳೆದ ಮೇಲೆ ಅಮ್ಮನಿಗೆ ಎರಡು ದಿನ ತಲೆ ಸುತ್ತಿತು. ಡಾಕ್ಟರ್ ಹತ್ತಿರ ಹೋದರೆ ಬಿಪಿ 160/100. ಮಾತ್ರೆ ಬರೆದುಕೊಟ್ಟು "ಉಪ್ಪು ಕಮ್ಮಿ ಮಾಡಿ" ಅಂದರು. ಅಮ್ಮ ಅವತ್ತೇ ಸಾರಿಗೆ ಅರ್ಧ ಚಮಚ ಉಪ್ಪು ಕಡಿಮೆ ಹಾಕಿದಳು. ಸಾರು ಸಪ್ಪೆಯಾಯಿತು. ಸಪ್ಪೆ ಸಾರಿನ ಜೊತೆ ಎರಡು ಹಪ್ಪಳ, ಒಂದು ಹೋಳು ಉಪ್ಪಿನಕಾಯಿ ಜಾಸ್ತಿ ಬಿತ್ತು. ತಿಂಗಳು ಬಿಟ್ಟು ನೋಡಿದರೆ ಬಿಪಿ ಅಂದುಕೊಂಡಷ್ಟು ಇಳಿದಿರಲಿಲ್ಲ.

ಈ ಉಪ್ಪು ಎಲ್ಲಿಂದ ಬರುತ್ತಿದೆ ನೋಡೇಬಿಡೋಣ ಅಂತ ಒಂದು ಭಾನುವಾರ ಅಡುಗೆಮನೆಯ ಪ್ಯಾಕೆಟ್‌ಗಳನ್ನೆಲ್ಲ ತಂದು ಊಟದ ಟೇಬಲ್ ಮೇಲೆ ಸುರಿದೆ. ಎಣಿಸಿದರೆ 23. ನಮ್ಮದು ಹೊರಗಿನದು ಜಾಸ್ತಿ ತಿನ್ನದ ಮನೆ ಅಂತ ಊರಿಗೆಲ್ಲ ಹೇಳಿಕೊಂಡು ಬಂದವಳು ನಾನು!

ಅಕ್ಷರ ಇರುವೆ ಸಾಲಿನ ಹಾಗೆ. ನನಗೆ ಕನ್ನಡಕ ಹಾಕಿದರೂ ಕಾಣಲಿಲ್ಲ. ಫೋನಿನಲ್ಲಿ ಫೋಟೋ ತೆಗೆದು ಹಿಗ್ಗಿಸಿ ಓದಿದೆ. ಈಗಲೂ ಅಂಗಡಿಯಲ್ಲಿ ಹಾಗೇ ಮಾಡುತ್ತೇನೆ.

ಮೊದಲು ಹುಡುಕಿದ್ದು ಉಪ್ಪು. ಸುಮಾರು ಪ್ಯಾಕೆಟ್‌ಗಳ ಪೋಷಕಾಂಶದ ಪಟ್ಟಿಯಲ್ಲಿ ಉಪ್ಪು ಅನ್ನುವ ಪದವೇ ಇಲ್ಲ. ಇರುವುದು ಸೋಡಿಯಂ, ಅದೂ ಮಿಲಿಗ್ರಾಂನಲ್ಲಿ. ಲೆಕ್ಕ ಕಷ್ಟವೇನಲ್ಲ. ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಸಿಗುತ್ತದೆ. 400 ಮಿಲಿಗ್ರಾಂ ಸೋಡಿಯಂ ಅಂದರೆ ಒಂದು ಗ್ರಾಂ ಉಪ್ಪು. ದಿನಕ್ಕೆ 2000 ಮಿಲಿಗ್ರಾಂ ದಾಟಬಾರದು, ಅಂದರೆ 5 ಗ್ರಾಂ ಉಪ್ಪು, ಒಂದು ಟೀ ಚಮಚ. ಸಾರು, ಪಲ್ಯ, ಮಜ್ಜಿಗೆ ಎಲ್ಲ ಸೇರಿ ಅಷ್ಟು.

ನೂಡಲ್ಸ್ ಪ್ಯಾಕೆಟ್ ತಿರುಗಿಸಿದೆ. 100 ಗ್ರಾಂಗೆ 1150. ಪ್ಯಾಕೆಟ್ ಇರುವುದು 70 ಗ್ರಾಂ. ಸುಮಾರು 800 ಮಿಲಿಗ್ರಾಂ, ಅಂದರೆ ಎರಡು ಗ್ರಾಂ ಉಪ್ಪು, ಸಂಜೆಯ ಒಂದು ಬಟ್ಟಲಿನಲ್ಲೇ. ಅದು ಹೇಗೂ ನಿರೀಕ್ಷಿಸಿದ್ದೆ. ಬೆಚ್ಚಿಬಿದ್ದದ್ದು ಸಿಹಿ ಬಿಸ್ಕತ್ತು ನೋಡಿ. ಉಪ್ಪಿನ ರುಚಿಯೇ ಇಲ್ಲದ ಬಿಸ್ಕತ್ತಿನಲ್ಲೂ ಸೋಡಿಯಂ! ಯಾಕೆ ಅಂತ ಹುಡುಕಿದರೆ ಸಾಮಗ್ರಿಗಳ ಪಟ್ಟಿಯಲ್ಲಿ ಐಎನ್‌ಎಸ್ 500(ii) ಅಂತ ಇತ್ತು. ಐಎನ್‌ಎಸ್ ಅಂದರೆ ಆಹಾರಕ್ಕೆ ಬೆರೆಸುವ ಪದಾರ್ಥಗಳಿಗೆ ಕೊಟ್ಟಿರುವ ನಂಬರು. ಈ ನಂಬರಿನದು ನಮ್ಮ ಅಡುಗೆ ಸೋಡಾ. ಸೋಡಿಯಂ ಉಪ್ಪಿನಿಂದ ಮಾತ್ರ ಬರಬೇಕು ಅಂತಿಲ್ಲ. ಸೋಡಾದಿಂದಲೂ ಬರುತ್ತದೆ, ಹಪ್ಪಳಕ್ಕೆ ಹಾಕುವ ಪಾಪಡ್ ಖಾರ ಅನ್ನುವ ಕ್ಷಾರದಿಂದಲೂ ಬರುತ್ತದೆ. ನಾಲಿಗೆಗೆ ಇದು ಗೊತ್ತಾಗುವುದಿಲ್ಲ, ಅಲ್ವಾ?

ಆಮೇಲೆ ಮಿಕ್ಸ್‌ಚರ್ ಪ್ಯಾಕೆಟ್. ಇದರಲ್ಲಿ ನಾನು ಚೆನ್ನಾಗಿ ಮೋಸಹೋಗಿದ್ದೆ. ಒಂದು ಸರ್ವಿಂಗ್‌ಗೆ ದಿನದ ಸೋಡಿಯಂನ ಶೇ 12 ಅಂತ ಬರೆದಿತ್ತು. ಪರವಾಗಿಲ್ಲ ಅನಿಸಿತು. ಪಕ್ಕದಲ್ಲೇ ಚಿಕ್ಕದಾಗಿ, ಒಂದು ಸರ್ವಿಂಗ್ ಅಂದರೆ 30 ಗ್ರಾಂ ಅಂತ ಇತ್ತು. ಅಡುಗೆಮನೆಯ ತಕ್ಕಡಿ ತಂದು, ಅಪ್ಪ ದಿನಾ ಟಿವಿ ಮುಂದೆ ಹಿಡಿದು ಕೂರುವ ಬಟ್ಟಲು ತುಂಬಿ ತೂಗಿದೆ. 85 ಗ್ರಾಂ. ಶೇ 12 ಅಲ್ಲ, ಶೇ 34! ಸರ್ವಿಂಗ್ ಎಷ್ಟು ಅಂತ ಗೊತ್ತುಮಾಡುವುದು ಕಂಪನಿ, ಅಪ್ಪನ ಬಟ್ಟಲಲ್ಲ. ಹಾಗಾಗಿ ನಾನು ಈಗ 100 ಗ್ರಾಂನ ಕಾಲಂ ಒಂದನ್ನೇ ನೋಡುತ್ತೇನೆ. ಎರಡು ಬ್ರ್ಯಾಂಡ್ ಪಕ್ಕಪಕ್ಕ ಇಟ್ಟು ಹೋಲಿಸುವುದಕ್ಕೂ ಅದೇ ಸರಿ.

ಸಾಮಗ್ರಿಗಳ ಪಟ್ಟಿಯ ಗುಟ್ಟು ಇನ್ನೂ ಸುಲಭ. ತೂಕದಲ್ಲಿ ಜಾಸ್ತಿ ಇರುವುದು ಮೊದಲು, ಕಡಿಮೆ ಇರುವುದು ಕೊನೆಗೆ. ನಮ್ಮ ಮನೆಯ ರಾಗಿ ಬಿಸ್ಕತ್ತಿನ ಮುಂದೆ ದೊಡ್ಡ ರಾಗಿ ತೆನೆಯ ಚಿತ್ರ. ಹಿಂದೆ ಮೊದಲ ಹೆಸರು 'ರಿಫೈನ್ಡ್ ವೀಟ್ ಫ್ಲೋರ್'. ವೀಟ್ ಅಂದರೆ ಗೋಧಿ, ಹಾಗಾಗಿ ಇದು ಗೋಧಿ ಹಿಟ್ಟು ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಅದು ಮೈದಾ. ಆಮೇಲೆ ಸಕ್ಕರೆ, ಆಮೇಲೆ ಪಾಮ್ ಎಣ್ಣೆ, ನಾಲ್ಕನೇ ಜಾಗದಲ್ಲಿ ರಾಗಿ, ಶೇ 9. ಮುಂದೆ ಒಂದು ಪದಾರ್ಥವನ್ನು ಎತ್ತಿ ತೋರಿಸಿದರೆ ಅದು ಶೇಕಡಾ ಎಷ್ಟಿದೆ ಅಂತ ಬರೆಯಲೇಬೇಕು ಅನ್ನುವ ನಿಯಮ ಇರುವುದರಿಂದ ಅಷ್ಟಾದರೂ ಗೊತ್ತಾಯಿತು. ಹಣ್ಣಿನ ರಸದ ಡಬ್ಬಿಗಳದ್ದೂ ಇದೇ ಕಥೆ. ನೀರು ಬೆರೆಸಿ ಮತ್ತೆ ತಯಾರಿಸಿದ ರಸದ ಮೇಲೆ 'ಶೇ 100 ಹಣ್ಣಿನ ರಸ' ಅಂತ ಹಾಕಬೇಡಿ ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2024ರ ಜೂನ್‌ನಲ್ಲಿ ಹೇಳಬೇಕಾಯಿತು.

ಓದಲು ಕಲಿತ ಹುರುಪಿನಲ್ಲಿ ತಪ್ಪುಗಳೂ ಆದವು. ಪ್ಯಾಕೆಟ್ ಮೊಸರಿನಲ್ಲಿ ಸಕ್ಕರೆ 4 ಗ್ರಾಂ ಅಂತ ನೋಡಿ ಒಂದು ವಾರ ಮನೆಗೆ ಮೊಸರೇ ತರಲಿಲ್ಲ. ಅಪ್ಪ ಊಟದ ಕೊನೆಗೆ ಅನ್ನ ಹಾಗೇ ಬಿಟ್ಟು ಎದ್ದುಹೋಗುತ್ತಿದ್ದರು. ಆಮೇಲೆ ಕೆಳಗಿನ ಸಾಲು ಕಾಣಿಸಿತು: ಸೇರಿಸಿದ ಸಕ್ಕರೆ ಸೊನ್ನೆ. ಆ ನಾಲ್ಕು ಗ್ರಾಂ ಹಾಲಿನಲ್ಲೇ ಇರುವ ಲ್ಯಾಕ್ಟೋಸ್. ನೋಡಬೇಕಾದದ್ದು 'ಆಡೆಡ್ ಶುಗರ್ಸ್' ಸಾಲು. ಇನ್ನೊಂದು ಸಲ ನಂಬರುಗಳನ್ನು ಕಂಡು ಹೆದರಿ ಒಂದು ಸಾರಿನ ಪುಡಿ ವಾಪಸ್ ಇಟ್ಟು ಬಂದೆ. ಅದರಲ್ಲಿದ್ದ 330 ನಮ್ಮ ನಿಂಬೆ ಉಪ್ಪು, ಸಿಟ್ರಿಕ್ ಆಮ್ಲ, ಅಷ್ಟೇ. ನಂಬರ್ ಇದ್ದ ಮಾತ್ರಕ್ಕೆ ಅದು ವಿಷ ಅಲ್ಲ.

ಸೋಡಿಯಂ ಕಡಿಮೆ ಇರುವ ಉಪ್ಪನ್ನೂ ತರಲು ಹೊರಟಿದ್ದೆ. ಲೇಬಲ್‌ನಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಅಂತ ಇತ್ತು. ಡಾಕ್ಟರನ್ನು ಕೇಳಿದೆ. ಅಮ್ಮ ತಗೊಳ್ಳುವ ಮಾತ್ರೆಗೆ ಅದು ಹೊಂದುವುದಿಲ್ಲ, ಬೇಡ ಅಂದರು. ಕಿಡ್ನಿ ತೊಂದರೆ ಇರುವವರಂತೂ ಕೇಳದೆ ಅದನ್ನು ಮುಟ್ಟಬಾರದು.

ಇಷ್ಟೆಲ್ಲ ನಾನು ಓದಬಲ್ಲೆ. ಆದರೆ ಅಂಗಡಿಗೆ ಹೋಗುವವಳು ಅಮ್ಮ. ಅವಳು ಏಳನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದವಳು. ಆಹಾರದ ಲೇಬಲ್ ನಿಯಮಕ್ಕೆ ಇಂಗ್ಲಿಷ್ ಅಥವಾ ಹಿಂದಿ ಇದ್ದರೆ ಸಾಕು. ನನಗೆ ಇದು ಈಗಲೂ ಸಿಟ್ಟು ಬರಿಸುವ ವಿಷಯ. ಬಿಪಿ ಬರುವುದು ಇಂಗ್ಲಿಷ್ ಬಂದವರಿಗೆ ಮಾತ್ರವಾ? ಕೊನೆಗೆ ಅಮ್ಮನಿಗೆ ಒಂದೇ ಒಂದು ಪದದ ಆಕಾರ ಕಲಿಸಿದೆ, ಸೋಡಿಯಂ. ಹೆಚ್ಚಾಗಿ ಪಟ್ಟಿಯ ಕೊನೆಯ ಹತ್ತಿರ ಇರುತ್ತದೆ. ಅದರ ಮುಂದಿನ ಅಂಕಿ 400 ದಾಟಿದ್ದರೆ ಅದು ದಿನಾ ತಿನ್ನುವ ಪದಾರ್ಥ ಅಲ್ಲ. ಇದು ಸರ್ಕಾರದ ಲೆಕ್ಕವಲ್ಲ, ನಮ್ಮ ಮನೆಯ ಲೆಕ್ಕ. ಎರಡು ವಾರದಲ್ಲಿ ಅಮ್ಮ ನನಗಿಂತ ಚುರುಕಾದಳು. ಕಾಂಡಿಮೆಂಟ್ಸ್ ಅಂಗಡಿಯವನ ಹತ್ತಿರ "ಚಕ್ಕುಲಿ ಪ್ಯಾಕೆಟ್ ಮೇಲೆ ಏನೂ ಬರೆದೇ ಇಲ್ವಲ್ಲಪ್ಪ?" ಅಂತ ಕೇಳಿ ಬಂದಿದ್ದಳು.

ಒಂದು ದಿನ ನಾನು ಸುಮ್ನೆ ಅಂದೆ, "ಅಮ್ಮ, ನಿನ್ನ ಉಪ್ಪಿನಕಾಯಿ ಮೇಲೂ ಏನೂ ಬರೆದಿಲ್ಲ."

"ಅದಕ್ಕೂ ಚೀಟಿ ಅಂಟಿಸ್ತೀಯೇನೇ? ಮನೇಲಿ ಮಾಡಿದ್ದು ಕಣೇ ಅದು!"

ಇಬ್ಬರೂ ಕೂತು ಲೆಕ್ಕ ಹಾಕಿದೆವು. ಒಂದು ಕೆಜಿ ಮಾವಿನ ಹೋಳಿಗೆ ಅವಳು ಹಾಕುವುದು 200 ಗ್ರಾಂ ಉಪ್ಪು. ಖಾರದ ಪುಡಿ, ಸಾಸಿವೆ, ಎಣ್ಣೆ ಸೇರಿ ಒಟ್ಟು 1600 ಗ್ರಾಂ. 100 ಗ್ರಾಂಗೆ ಹನ್ನೆರಡೂವರೆ ಗ್ರಾಂ ಉಪ್ಪು. ಅಂದರೆ ಸೋಡಿಯಂ ಸುಮಾರು 5000. ಟೇಬಲ್ ಮೇಲೆ ಬಿದ್ದಿದ್ದ 23 ಪ್ಯಾಕೆಟ್‌ಗಳಲ್ಲಿ ಒಂದೂ ಇದರ ಹತ್ತಿರ ಬರಲಿಲ್ಲ. ರಸ ಸಮೇತ ಎರಡು ಹೋಳು ತೂಗಿದರೆ 20 ಗ್ರಾಂ. ಎರಡೂವರೆ ಗ್ರಾಂ ಉಪ್ಪು, ದಿನದ ಅರ್ಧ ಪಾಲು. ಅಮ್ಮ ತುಂಬ ಹೊತ್ತು ಮಾತಾಡಲಿಲ್ಲ.

ಮೂರು ತಿಂಗಳ ಮೇಲೆ ಬಿಪಿ 138/86 ಬಂತು. ಮಾತ್ರೆಯದೂ ಪಾಲಿದೆ, ಎಲ್ಲ ಲೇಬಲ್‌ನಿಂದಲೇ ಅಂತ ನಾನು ಹೇಳುವುದಿಲ್ಲ.

ಈ ವರ್ಷ ಅಮ್ಮ ಕೆಜಿಗೆ 150 ಗ್ರಾಂ ಉಪ್ಪು ಹಾಕಿದಳು. ಅಷ್ಟು ಕಡಿಮೆ ಉಪ್ಪಿಗೆ ಹೊರಗಿಟ್ಟರೆ ಬೂಸಲು ಹಿಡಿಯಬಹುದು ಅಂತ ಭರಣಿ ಫ್ರಿಜ್‌ನಲ್ಲಿದೆ. ಮೇಲೆ ಅವಳ ಕೈಬರಹದ ಚೀಟಿ: 'ಮಾವು, ಎಣ್ಣೆ, ಉಪ್ಪು, ಖಾರ, ಸಾಸಿವೆ. ಊಟಕ್ಕೆ ಅರ್ಧ ಹೋಳು.' ಹಾಲಿನ ಪಾತ್ರೆಗೆ ಜಾಗ ಸಾಲುತ್ತಿಲ್ಲ ಅಂತ ದಿನಾ ನನ್ನನ್ನೇ ಬೈಯುತ್ತಾಳೆ.